ಮಾವನವರು ನೀರು ಕುಡಿದರು

ನಾನು ನಿಂತಿದ್ದದ್ದು ಘೋಡಗೇರಿಯ ನಮ್ಮ ಹೊಲದ ಬಾವಿಯ ಕಟ್ಟೆಯ ಮೇಲೆ, ಮೂಡಣ ದಿಕ್ಕಿಗೆ ಮುಖ ಮಾಡಿ. ಕೈಯಲ್ಲಿ ಹಗ್ಗವಿತ್ತು, ಕೊಡ ಬಾವಿಯೊಳಗಿತ್ತು. ಯುರೋಪಿನ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರ ನಮ್ಮ ಸೀಮೆಯ ಮನೆಗಳನ್ನು ಬರಿದು ಮಾಡಿ ಹೋದ ಮರುವರ್ಷದ ಬೇಸಿಗೆ ಅದು. ಹೋಳಿ ಮುಗಿದಿತ್ತು, ಯುಗಾದಿ ಬಂದಿರಲಿಲ್ಲ. ಬೆಳಗಿನ ಬಿಸಿಲು ಬದುವಿನ ಬನ್ನಿ ಗಿಡದ ಅರ್ಧಕ್ಕೆ ಇಳಿದಿತ್ತು. ನನಗೂ ಆ ಬದುವಿಗೂ ನಡುವೆ ಒಂದು ಜೋಡೆತ್ತಿನ ಗಾಡಿ ಹೊರಳಿಸುವಷ್ಟು ಜಾಗ. ಅಡ್ಡ ಗಿಡವಿರಲಿಲ್ಲ, ಬಣವೆ ಇರಲಿಲ್ಲ. ಕಂಡದ್ದೆಲ್ಲ ನೇರ ಕಂಡದ್ದು.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನನ್ನ ಹೆಂಡತಿಯ ತಂದೆ, ಮೂಡಲಗಿಯ ನನ್ನ ಮಾವನವರು, ಆ ದಿನ ಒಂದು ಹನಿ ನೀರೂ ಮುಟ್ಟದೆ ಪ್ರಾಣ ಬಿಟ್ಟರೆಂದು ಈಗ ಅವರ ಊರಿನಲ್ಲಿ ಹೇಳುತ್ತಾರೆ. ಅವರ ಗದ್ದುಗೆಗೆ ಸೋಮವಾರ ಕಾಯಿ ಒಡೆಯುವವರೂ ಇದ್ದಾರೆ. ಭಕ್ತಿಗೆ ನಾನು ಅಡ್ಡ ಬರುವವನಲ್ಲ. ಆದರೆ ಮಾವನವರು ನೀರು ಕುಡಿದರು. ಯಾರ ಕೈಯಿಂದ, ಏಕೆ ಎಂಬುದನ್ನು ನಾನು ಕಂಡಿದ್ದೇನೆ.

ಅವರದು ಕಂಬಳಿಯ ವ್ಯಾಪಾರ. ಕುರುಬರ ಹಟ್ಟಿಗಳಲ್ಲಿ ಕೊಂಡು ಮಿರಜ, ಕೊಲ್ಲಾಪುರ, ಸೊಲ್ಲಾಪುರದ ಪೇಟೆಗಳಿಗೆ ಒಯ್ಯುತ್ತಿದ್ದರು. ನಮ್ಮಲ್ಲಿ ಹುಕ್ಕೇರಿಯ ಸಂತೆ ದಾಟಿದವರೇ ಕಡಿಮೆ ಇದ್ದಾಗ ಅವರು ಕಾಶಿ, ಕೇದಾರ ಕಂಡು ಬಂದಿದ್ದರು. ಶ್ರೀಶೈಲಕ್ಕೆ ಕಾಡಿನ ದಾರಿಯಲ್ಲಿ ಕಾಲ್ನಡಿಗೆಯಲ್ಲೇ ಹೋಗುತ್ತಿದ್ದರು. ಎಲ್ಲಿ ಹೋದರೂ ಎರಡು ಬಿಡುತ್ತಿರಲಿಲ್ಲ. ಒಂದು, ಮನೆಯವರಿಗೆ ಏನಾದರೂ ತರುವುದು: ಹೆಂಡತಿಗೆ ಕುಪ್ಪಸದ ಕಣ, ಗಂಡುಮಕ್ಕಳಿಗೆ ಚಾಕು, ಮಗಳಿಗೆ ಬಳೆ. ಇನ್ನೊಂದು, ಲಿಂಗಪೂಜೆ. ಕೊರಳಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ನೀರು ಸಹ ಬಾಯಿಗೆ ಹಾಕುತ್ತಿರಲಿಲ್ಲ. ಓಡುವ ರೈಲಿನಲ್ಲಿ ಪೂಜೆ ಮಾಡುತ್ತಿರಲಿಲ್ಲ. ದೊಡ್ಡ ಸ್ಟೇಷನ್ ಬಂದರೆ ಇಳಿದು ನಳದ ಬಳಿ ಕೂರುವರು. ರೈಲು ಹೋದರೆ ಹೋಯಿತು.

ಹಾಗೆಂದು ಸಾಧು ಸ್ವಭಾವದವರಲ್ಲ. ಮಿರಜಿನ ಸ್ಟೇಷನ್ನಿನಲ್ಲಿ ಪೂಜೆಗೆ ಕೂತಾಗ ಕಣ್ಣೆದುರಿಗೇ ಒಬ್ಬ ಅವರ ಕಂಬಳಿಯ ಗಂಟನ್ನು ಎತ್ತಿಕೊಂಡು ನಡೆದನಂತೆ. ಇವರು ಏಳಲಿಲ್ಲ. ಪೂಜೆ ಮುಗಿಸಿ, ಕರಡಿಗೆ ಮುಚ್ಚಿ, ಊರೆಲ್ಲ ಹುಡುಕಿ, ಅವನನ್ನು ಹಿಡಿದು ಬೆತ್ತದಿಂದ ದವಡೆ ಒಡೆದರಂತೆ. ಮದುವೆಯ ಹೊಸದರಲ್ಲಿ ನನಗೆ ಇದನ್ನು ಅವರೇ ಹೇಳಿದ್ದು.

"ಪೂಜಿ ಮುಗಿಯೋತನಾ ಅಂವ ನನ್ನ ಕಂಬಳಿ ಒಯ್ದ. ಪೂಜಿ ಮುಗದ ಮ್ಯಾಲ ನಾ ಅಂವನ ಹಲ್ಲ ಒಯ್ದೆ. ಇಬ್ರಿಗೂ ಲುಕ್ಸಾನ ಇಲ್ಲ, ಏನಂತೀರಿ ಅಳಿಯಂದ್ರ?"

ನಾನು ನಕ್ಕೆ. ಅವರು ನಗಲಿಲ್ಲ. ಆ ಮನುಷ್ಯನ ಬಾಯಿಂದ ಬಂದ ರಕ್ತ ತಮ್ಮ ಧೋತರಕ್ಕೆ ಹತ್ತಿದ್ದರಿಂದ ಮತ್ತೆ ಸ್ನಾನ ಮಾಡಿ ಮತ್ತೆ ಪೂಜೆಗೆ ಕೂರಬೇಕಾಯಿತು ಎಂದು ಸೇರಿಸಿದರು.

ಜ್ವರದ ವರ್ಷ ಅವರ ಇಬ್ಬರು ಗಂಡುಮಕ್ಕಳೂ ಒಂದೇ ವಾರದಲ್ಲಿ ತೀರಿಕೊಂಡರು. ಹೊರಲು ಊರಲ್ಲಿ ಜನರಿರಲಿಲ್ಲ. ಕಿರಿಯವನನ್ನು ಅವರೇ ಹೆಗಲ ಮೇಲೆ ಹೊತ್ತು ಒಯ್ದರು. ಅಲ್ಲಿಂದಾಚೆಗೆ ಉಳಿದದ್ದು ಮೂಡಲಗಿಯಲ್ಲಿ ಹೆಂಡತಿ, ನಮ್ಮ ಮನೆಯಲ್ಲಿ ಮಗಳು. ಹೀಗಾಗಿ ತಿರುಗಾಟದಿಂದ ಬರುವಾಗ ಮೊದಲು ನಮ್ಮಲ್ಲಿಗೆ ಬಂದು, ಮಗಳ ಮುಖ ನೋಡಿ, ಆಮೇಲೆ ತಮ್ಮೂರಿಗೆ ಹೋಗುವ ರೂಢಿ ಮಾಡಿಕೊಂಡಿದ್ದರು.

ಆ ದಿನವೂ ಹಾಗೆಯೇ. ಹಿಂದಿನ ಸಂಜೆ ಸೊಲ್ಲಾಪುರದ ಕಡೆಯಿಂದ ಹೊರಟವರು, ಈಗ ಘಟಪ್ರಭಾ ಎನ್ನುವ ಸ್ಟೇಷನ್ನಿನಲ್ಲಿ ನಸುಕಿಗೆ ಇಳಿದು, ನಡೆದೇ ಘೋಡಗೇರಿಗೆ ಬಂದರು. ಅಂಗಳದಲ್ಲಿ ನನ್ನ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಎತ್ತಿಗೆ ಹೊಟ್ಟು ಹಾಕುತ್ತಿದ್ದ. ನನ್ನ ತಂದೆ ಇಲ್ಲದ ಮನೆಗೆ ಕಾಕಾನೇ ಹಿರಿಯ.

"ಏನ್ರಿ ಬೀಗರ, ಕಾಶಿತನಾ ದಾರಿ ಗೊತ್ತೈತಿ ನಿಮಗ, ಬೀಗರ ಮನಿ ದಾರಿ ಮಾತ್ರ ಮರತ್ರಿ?"

"ದಾರಿ ನೆನಪೈತಿ. ನಿಮ್ಮ ಮನಿ ಝುಣಕದ ಖಾರನೂ ನೆನಪೈತಿ. ಅದಕ್ಕ ತಡಾ ಆತು."

ನನ್ನ ಹೆಂಡತಿ ತಂಬಿಗೆಯಲ್ಲಿ ನೀರು ತಂದಳು. "ಅಪ್ಪಾ, ಮಾರಿ ಬಾಡೇತಿ. ಒಂದ ಗುಟಕ ನೀರರ ಕುಡಿ."

"ಜಳಕಾ ಆಗ್ಲಿ, ಪೂಜಿ ಆಗ್ಲಿ. ನೀರು ಎಲ್ಲಿ ಓಡಿ ಹೋಗ್ತೈತಿ ತಂಗಿ?"

ಮನೆಯ ಹಂಡೆಯಲ್ಲಿ ಸೇದಿಟ್ಟ ನೀರು ಬೇಡ, ಹೊಲದ ಬಾವಿಯ ಹೊಸ ನೀರೇ ಬೇಕು ಎಂದರು. ನಾನು ಅವರನ್ನು ಕರೆದುಕೊಂಡು ಹೋದೆ. ನೀರು ಸೇದಿ ಹಾಕಿದೆ, ಸ್ನಾನ ಮಾಡಿದರು. ಬನ್ನಿ ಗಿಡದ ನೆರಳಲ್ಲಿ ಕಂಬಳಿ ಹಾಸಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಅವರಿಗೆ ಇನ್ನೊಂದು ಕೊಡ ನೀರು ಬೇಕಾಗಬಹುದೆಂದು ನಾನು ಬಾವಿಗೆ ಮರಳಿದೆ.

ಇಲ್ಲಿ ಕುರಿಗಳ ಮಾತು ಹೇಳಬೇಕು. ಸುಗ್ಗಿ ಮುಗಿದ ಮೇಲೆ ಕುರುಬರ ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಹಿಕ್ಕೆ, ಗಂಜಳ ಬಿದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಒಬ್ಬರ ಹೊಲದ ಸರದಿ ಮುಗಿಯದೆ ಇನ್ನೊಬ್ಬರು ಹಿಂಡು ಎಬ್ಬಿಸುವಂತಿಲ್ಲ. ಹಿಂಡು ಒಬ್ಬ ಕುರುಬರ ಹೆಣ್ಣುಮಗಳದು. ಗಂಡನನ್ನು ಜ್ವರದಲ್ಲಿ ಕಳೆದುಕೊಂಡು ತಾನೇ ಕಾಯುತ್ತಿದ್ದಳು. ನಮ್ಮ ಸರದಿ ಇನ್ನೂ ಇತ್ತು. ಆದರೂ ಆ ಬೆಳಗ್ಗೆ ಬಾಜೂ ಹೊಲದ ಅಣ್ಣತಮ್ಮರಲ್ಲಿ ತಮ್ಮನಾದವನು ಹಿಂಡನ್ನು ಬದು ದಾಟಿಸಿ ತನ್ನ ಹೊಲಕ್ಕೆ ಹೊಡೆದ. ಆಕೆ ಬೇಡವೆಂದು ಅಡ್ಡ ನಿಂತರೆ ಆಕೆಯನ್ನು ದೂಡಿದ. ಊರ ಕಡೆಯಿಂದ ಹೊಲಕ್ಕೆ ಬರುತ್ತಿದ್ದ ಕಾಕಾ ಆಕೆಯ ಕೂಗು ಕೇಳಿ ಬಡಿಗೆ ಹಿಡಿದು ಓಡಿ ಬಂದ.

ಮಾತು ಹೆಚ್ಚಾಗಲಿಲ್ಲ.

"ಯಾರನ್ನ ಕೇಳಿ ಎಬ್ಬಿಸಿದಿ?"

"ನಿನ್ನ ಕೇಳಾಕ ನೀ ಏನ್ ಊರ ಗೌಡನ? ಹೋಗ್, ಹೋಗಿ ಎತ್ತಿನ ಸಗಣಿ ಬಳಿ."

ಕಾಕಾ ಹೊಡೆದ ಮೊದಲ ಏಟು ಅವನ ಕಿವಿಯ ಮೇಲೆ ಬಿತ್ತು. ಅವನು ಮೊಣಕಾಲೂರಿದ. ಎರಡನೆಯದಕ್ಕೆ ಮಕಾಡೆ ಬಿದ್ದ. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಿದ್ದವನ ತಲೆಗೇ ಹೊಡೆಯುತ್ತ ಹೋದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸಪ್ಪಳ ಬರುತ್ತಿತ್ತು. ಕುರಿಗಳು ಚದುರಿ ಓಡಾಡುತ್ತಿದ್ದವು. ನಾನು ಹಗ್ಗ ಬಿಟ್ಟೆ. ಕೊಡ ಬಾವಿಗೆ ಬಿದ್ದ ಸದ್ದಾಯಿತು. ನಾನು ಕಟ್ಟೆಯಿಂದ ಇಳಿಯುವ ಮೊದಲೇ ಬನ್ನಿ ಗಿಡದ ಕೆಳಗಿಂದ ಮಾವನವರು ಎದ್ದರು.

ಪೂಜೆಯ ನಡುವೆ ಅವರು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಲಿಂಗವನ್ನು ಕರಡಿಗೆಯಲ್ಲಿಡಲು ಪುರುಸೊತ್ತಿರಲಿಲ್ಲ. ಅಂಗೈ ಮುಚ್ಚಿಕೊಂಡು ಓಡಿದರು. ನಮ್ಮಲ್ಲಿ ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಬಾರದು. ಓಡುವಾಗ ಕೈ ಕೆಳಗೆ ಬೀಸಬಾರದೆಂದು ಆ ಮುಷ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದರು. "ಸಾಯ್ತಾನ, ಬಿಡ್ರಿ! ಸಾಯ್ತಾನ!" ಎಂದು ಕಾಕಾನಿಗೆ ಕೂಗುತ್ತಿದ್ದರು.

ಆ ಕಡೆಯಿಂದ ಅಣ್ಣನಾದವನು ಬೇಲಿಯ ಮುಳ್ಳು ಕಡಿಯುತ್ತಿದ್ದ ಕೊಡಲಿಯೊಂದಿಗೆ ಬರುತ್ತಿದ್ದ. ಅವನು ಕಂಡದ್ದು ಇಷ್ಟೇ: ತನ್ನ ತಮ್ಮ ನೆಲಕ್ಕೆ ಬಿದ್ದಿದ್ದಾನೆ, ನಮ್ಮ ಕಡೆಯ ಇನ್ನೊಬ್ಬ ಮುಷ್ಟಿ ಎತ್ತಿಕೊಂಡು ಅವನತ್ತ ಓಡುತ್ತಿದ್ದಾನೆ. "ಕಲ್ಲ ತಂದಾನ!" ಎಂದು ಕೂಗಿದ. ಕೊಡಲಿ ಬೀಸಿದ. ಅದು ಮಾವನವರ ಎಡ ಹೆಗಲಿಗೂ ಕೊರಳಿಗೂ ನಡುವೆ ಇಳಿಯಿತು.

ಮುಷ್ಟಿ ಬಿಚ್ಚಿತು. ಕಪ್ಪಗಿನದೊಂದು ಬಿದ್ದದ್ದನ್ನು ನಾನು ನೋಡಿದೆ, ಬಿದ್ದ ಜಾಗವನ್ನು ನೋಡಲಿಲ್ಲ. ಆಗಲೇ ಕುರಿಗಳು ನಮ್ಮ ನಡುವೆ ನುಗ್ಗಿದವು.

ಮಾವನವರು ಕುಳಿತರು. ಬೀಳಲಿಲ್ಲ, ಕುಳಿತರು. ಕೊಡಲಿ ಹೆಗಲಲ್ಲೇ ಇತ್ತು. ಹೊಡೆದವನು ಅದನ್ನು ಕಿತ್ತ. ರಕ್ತ ಅವನ ಮೊಣಕೈವರೆಗೆ ಚಿಮ್ಮಿತು. ಆಗ ಅವನ ಕಣ್ಣು ಎದುರಿನ ಎದೆಯ ಮೇಲೆ ಬಾಯಿ ತೆರೆದು ತೂಗುತ್ತಿದ್ದ ಬರಿಯ ಕರಡಿಗೆಯ ಮೇಲೆ ಬಿತ್ತು. ಅವನ ಕೊರಳಲ್ಲೂ ಲಿಂಗವಿತ್ತು. ಏನಾಯಿತೆಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಕೊಡಲಿ ಕೈಬಿಟ್ಟು ಅಂಬೆಗಾಲಿನಲ್ಲಿ ನೆಲ ತಡಕತೊಡಗಿದ.

ನಮ್ಮದು ಎರೆಹೊಲ. ಬೇಸಿಗೆಗೆ ತೋಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಮಣ್ಣು ಕಪ್ಪು, ಬಿರುಕು ಕಪ್ಪು, ರಾತ್ರಿಯೆಲ್ಲ ಬಿದ್ದ ಹಿಕ್ಕೆ ಕಪ್ಪು. ಹುಡುಕುತ್ತಿದ್ದದ್ದು ನೆಲ್ಲಿಕಾಯಿ ಗಾತ್ರದ ಕರಿಯ ಲಿಂಗ.

ಹುಡುಕುತ್ತಿದ್ದವನ ಬೆನ್ನಿಗೆ ಕಾಕಾ ಹೊಡೆಯತೊಡಗಿದ. ಅವನು ತಿರುಗಿ ನೋಡಲಿಲ್ಲ. ಪ್ರತಿ ಏಟಿಗೂ ಮುಖ ಮಣ್ಣಿಗೆ ತಾಗುತ್ತಿತ್ತು, ಮತ್ತೆ ತಲೆ ಎತ್ತಿ ಬಿರುಕಿನೊಳಗೆ ಬೆರಳು ಹಾಕುತ್ತಿದ್ದ. ನಾನು ಕಾಕಾನ ತೋಳು ಹಿಡಿದೆ. ನನ್ನನ್ನೂ ಜಾಡಿಸಿ ಒಗೆದ. ಕುಳಿತಲ್ಲಿಂದ ಮಾವನವರೇ ಹೇಳಿದರು. ಧ್ವನಿ ಸಣ್ಣದಾಗಿತ್ತು, ಆದರೆ ಪ್ರತಿಯೊಂದು ಮಾತೂ ಕೇಳಿಸಿತು.

"ಬೀಗರ, ಬಡಿಗಿ ಇಡ್ರಿ. ಅಂವ ಹುಡುಕಾಕತ್ತಾನ. ನೀವೂ ಹುಡುಕ್ರಿ."

ಕಾಕಾ ಬಡಿಗೆ ಇಟ್ಟ. ಅದರ ತುದಿಗೆ ಕೂದಲು ಅಂಟಿತ್ತು. ಅವನು ಹುಡುಕಲಿಲ್ಲ, ಗಿಡದ ಬುಡಕ್ಕೆ ಹೋಗಿ ಕುಳಿತ.

ನನ್ನ ಹೆಂಡತಿ ತಂದೆಗೆ ರೊಟ್ಟಿಯ ಬುತ್ತಿ ತರುತ್ತಿದ್ದಳು. ಬದುವಿನ ಮೇಲೆ ಬುತ್ತಿ ಬಿಟ್ಟು ಓಡಿ ಬಂದು, ಸೀರೆಯ ಸೆರಗನ್ನು ಮುದ್ದೆ ಮಾಡಿ ಗಾಯಕ್ಕೆ ಒತ್ತಿದಳು. ಸೆರಗು ತೊಯ್ದು ರಕ್ತ ಅವಳ ಬೆರಳುಗಳ ನಡುವಿನಿಂದ ಹರಿಯಿತು. ಬನ್ನಿ ಗಿಡದ ಕೆಳಗೆ ಪೂಜೆಗೆ ತುಂಬಿಟ್ಟಿದ್ದ ತಂಬಿಗೆಯ ನೀರನ್ನು ನಾನು ತಂದೆ. ಮಾವನವರು ತುಟಿ ಮುಚ್ಚಿಕೊಂಡರು. ನಾಲಿಗೆ ಒಣಗಿ ತುಟಿಗೆ ಅಂಟುತ್ತಿತ್ತು, ಅದನ್ನು ಬಿಡಿಸಿಕೊಂಡು ಮಾತಾಡಬೇಕಿತ್ತು.

"ಎದಿ ಮ್ಯಾಲ ಲಿಂಗಿಲ್ಲ. ನೀರ ಹೆಂಗ ಕುಡೀಲಿ?"

ಊರಿಂದ ಬಂದವರು ಗಾಡಿ ಹೂಡಿ ತಂದರು. ಗೋಕಾಕದ ದವಾಖಾನೆಗೆ ಬೇಗ ಮುಟ್ಟಿಸಿದರೆ ಉಳಿಯಬಹುದೆಂದು ಎಲ್ಲರಿಗೂ ಅನ್ನಿಸಿತ್ತು. ಬಾಜೂ ಹೊಲದ ತಮ್ಮನನ್ನು ಮೊದಲು ಗಾಡಿಯಲ್ಲಿ ಮಲಗಿಸಿದರು, ಅವನಿಗೆ ಎಚ್ಚರವಿರಲಿಲ್ಲ. ಇನ್ನೊಂದು ಗಾಡಿ ಇರಲಿಲ್ಲ. ಮಾವನವರು ಮಾತ್ರ ಏಳಲೊಪ್ಪಲಿಲ್ಲ.

"ಅದು ಇಲ್ಲೇ ಮಣ್ಣಾಗೈತಿ. ಅದನ್ನ ಬಿಟ್ಟ ನಾ ಎಲ್ಲಿಗೂ ಬರಂಗಿಲ್ಲ."

"ಮಠದ ಅಯ್ಯನವರನ್ನ ಕರಸ್ತೀನ್ರಿ. ಬ್ಯಾರೇ ಲಿಂಗ ಕಟ್ತಾರ," ಎಂದೆ.

"ಇರೋದು ಕಳದಿಲ್ಲ ಅಳಿಯಂದ್ರ. ಬಿದ್ದೈತಿ."

ನಾವು ನಾಲ್ಕು ಜನ ಸೇರಿ ಅವರನ್ನು ಬಲವಂತವಾಗಿ ಎತ್ತಲು ನೋಡಿದೆವು. ಬಲಗೈಯಿಂದ ಗಾಡಿಯ ಗಾಲಿಯನ್ನು ಹಿಡಿದು ಜಗ್ಗಿದರು. ಗಾಯ ತೆರೆದು, ಒಳಗಿನ ಬಿಳಿ ಎಲುಬು ಕಾಣಿಸಿತು. ಇಳಿಸಿದೆವು.

ಆಗ ನನ್ನ ಹೆಂಡತಿ ತನ್ನ ಕೊರಳಿಗೆ ಕೈ ಹಾಕಿದಳು. ಶಿವದಾರ ಬಿಚ್ಚಿ, ತನ್ನ ಲಿಂಗವನ್ನು ತೆಗೆದು, ತಂದೆಯ ಬಲ ಅಂಗೈಯಲ್ಲಿಟ್ಟಳು. ಎಡಗೈ ಸತ್ತಂತೆ ತೂಗುತ್ತಿತ್ತು. ನಮ್ಮಲ್ಲಿ ಯಾವ ಹೆಣ್ಣುಮಗಳೂ, ಯಾವ ಗಂಡಸೂ ಮಾಡದ ಕೆಲಸ ಅದು. ನೋಡುತ್ತಿದ್ದವರಲ್ಲಿ ಒಬ್ಬರು "ಶಿವಶಿವಾ" ಎಂದು ಕಣ್ಣು ಮುಚ್ಚಿಕೊಂಡರು.

"ಸಿಕ್ತಪ್ಪಾ," ಎಂದಳು.

ಅವರ ಹೆಬ್ಬೆರಳು ಅದರ ಮೇಲೆ ಒಂದು ಸುತ್ತು ಆಡಿತು.

"ಇದು ನಿಂದು."

ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನೀ ಹುಟ್ಟಿದಾಗ ಗುರುಗಳ ಕೈಲೆ ನಾನ ಕಟ್ಟಿಸಿದ್ದು. ನಂಗ ಗುರುತ ಹತ್ತಂಗಿಲ್ಲೇನ? ಕಟ್ಟಿಕೋ. ಬರಿ ಕೊಳ್ಳಲೆ ಇರಬ್ಯಾಡ."

"ನೀ ನೀರ ಕುಡಿಯೋತನಾ ನಾ ಕಟ್ಟಿಕೊಳ್ಳಂಗಿಲ್ಲ. ನಂಗೂ ನೀರಿಲ್ಲ, ಕೂಳಿಲ್ಲ. ಇಬ್ರನ್ನೂ ಮಣ್ಣಾಗ ಇಟ್ಟ ಬಂದಿ ನೀ. ನಾ ಒಬ್ಬಾಕಿ ಯಾಕ ಉಳೀಲಿ? ನಿನ್ನ ಹಟಾ ನಂಗೂ ಬಂದೈತಿ, ಗೊತ್ತೈತಲ್ಲ?"

ಅವರು ಅವಳ ಬರಿ ಕೊರಳನ್ನು ನೋಡಿದರು. ಹಿಂದೆ ಆ ಮಣ್ಣಿನಲ್ಲಿ ಕೊಡಲಿ ಬೀಸಿದವನೂ ಕುರುಬರ ಹೆಣ್ಣುಮಗಳೂ ಬಿರುಕು ಕೆದರುವ ಸದ್ದು ಕೇಳಿಸುತ್ತಿತ್ತು. ಮಾವನವರು ಲಿಂಗವಿದ್ದ ಅಂಗೈಯನ್ನು ಬಟ್ಟಲಿನಂತೆ ಮಾಡಿ ಮುಂದೆ ಚಾಚಿದರು. ಅವಳು ತಂಬಿಗೆಯಿಂದ ಅದರ ಮೇಲೆ ನೀರೆರೆದಳು. ಅವರು ಅಂಗೈಯನ್ನು ಬಾಯಿಗೆ ತಂದು ಆ ನೀರನ್ನು ಕುಡಿದರು. ಗಂಟಲು ಏರಿ ಇಳಿದದ್ದನ್ನು ನಾನು ಕಂಡೆ. ಇನ್ನೂ ಎರೆದಳು, ಇನ್ನೂ ಕುಡಿದರು. ಬಿರುಕು ಕೆದರುತ್ತಿದ್ದ ಇಬ್ಬರೂ ತಲೆ ಎತ್ತಿ ನೋಡಿದರು.

"ಈಗ ಕಟ್ಟಿಕೋ," ಎಂದರು. ಅವಳು ಒರೆಸಿ ಕಟ್ಟಿಕೊಂಡಳು. ಗಾಡಿಗೆ ಎತ್ತಿದಾಗ ಅವರು ತಡೆಯಲಿಲ್ಲ.

ಗಾಡಿಯಲ್ಲಿ ಗಾಯಗೊಂಡವರಿಬ್ಬರೂ ಪಕ್ಕ ಪಕ್ಕದಲ್ಲಿದ್ದರು, ನಾನೂ ನನ್ನ ಹೆಂಡತಿಯೂ ಜೊತೆಗಿದ್ದೆವು. ಇಬ್ಬರ ರಕ್ತವೂ ಹಲಗೆಯ ಸಂದಿನಿಂದ ದಾರಿಗೆ ಸೋರುತ್ತಿತ್ತು. ನಡುದಾರಿಯಲ್ಲಿ ಆ ತಮ್ಮನಿಗೆ ಎಚ್ಚರವಾಗಿ ನರಳತೊಡಗಿದ. ಅವನ ಒಂದು ಕಣ್ಣು ಊದಿ ಮುಚ್ಚಿತ್ತು.

"ಯಾರಪ್ಪಾ ನೀ? ಮಕ್ಕಳದಾವೇನು?" ಎಂದು ಮಾವನವರು ಕೇಳಿದರು. ಅವನು ಒಣಗಿದ ತುಟಿ ನೆಕ್ಕಿಕೊಂಡ. "ಅಂವಗೂ ಒಂದೀಟ ನೀರ ಹಾಕ್ರಿ," ಎಂದರು.

ಸ್ಟೇಷನ್ನಿನ ಬಳಿಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ನಿಧಾನವಾಗಿ ಹೋಗುತ್ತಿತ್ತು. ನಾನು ಗೇಟಿನವನನ್ನು ಬೈಯುತ್ತಿದ್ದೆ. ಆಗ ಹಿಂದಿನಿಂದ ಕುರುಬರ ಹೆಣ್ಣುಮಗಳು ಓಡಿ ಬಂದಳು. ಹೊಲದಿಂದ ಅಲ್ಲಿಯ ತನಕ ಓಡಿಯೇ ಬಂದಿದ್ದಳು. ಬಲತೋಳು ಹೆಗಲವರೆಗೆ ಕಿತ್ತು ರಕ್ತವಾಗಿತ್ತು. ಗಂಡಸರ ತೋಳು ಇಳಿಯದ ಬಿರುಕಿಗೆ ಅವಳ ತೋಳು ಇಳಿದಿತ್ತು. ಲಿಂಗವನ್ನು ಬರಿಗೈಯಲ್ಲಿ ಹಿಡಿದಿರಲಿಲ್ಲ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

"ತಗೋರಿ ಯಪ್ಪಾ. ನಿಮ್ಮ ದೇವರು," ಎಂದಳು. ಮುಂದೆ ಮಾತಾಡಲು ಉಸಿರಿರಲಿಲ್ಲ.

ಅವರು ತೆಗೆದುಕೊಂಡು, ಮಗಳಿಂದ ನೀರು ಹಾಕಿಸಿ ಮಣ್ಣು ತೊಳೆದು, ಒಂದೊಂದಾಗಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಅಳಿಯಂದ್ರ, ಹುಕ್ಕೇರಿ ಕಚೇರ್ಯಾಗ ಕೇಳ್ತಾರ. ಕಂಡಷ್ಟ ಹೇಳ್ರಿ. ನನ್ನ ಕೈ ಎತ್ತಿತ್ತು ಅನ್ನೋದನ್ನೂ ಹೇಳ್ರಿ."

"ಹೂಂ ರಿ."

"ಮತ್ತ ಮೂಡಲಗ್ಯಾಗ ನನ್ನ ಹೆಂಡ್ತಿಗೆ ಹೇಳ್ರಿ, ನೀರ ಕುಡದ ಹೋದ ಅಂತ. ಇಬ್ರು ಹುಡುಗರೂ ಜ್ವರದಾಗ ನೀರು ನೀರು ಅಂತ ಒದರಿ ಸತ್ತಾರ. ನಾನೂ ಬಾಯಾರಿ ಸತ್ತೆ ಅಂತ ಆಕಿ ಅಳೂದು ಬ್ಯಾಡ."

ಗೇಟು ತೆರೆಯಿತು. ಗೋಕಾಕದ ಗುಡ್ಡ ಕಾಣುವ ತಿರುವಿಗೆ ಬರುವಷ್ಟರಲ್ಲಿ ಅವರ ಪ್ರಾಣ ಹೋಗಿತ್ತು. ದವಾಖಾನೆಯಲ್ಲಿ ತಮ್ಮನ ತಲೆಗೆ ಹೊಲಿಗೆ ಹಾಕಿದರು. ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ಮಾವನವರನ್ನು ಅದೇ ಗಾಡಿಯಲ್ಲಿ ಮೂಡಲಗಿಗೆ ಒಯ್ದು, ನಮ್ಮ ಪದ್ಧತಿಯಂತೆ ಕೂಡ್ರಿಸಿ ಮಣ್ಣು ಮಾಡಿದೆವು. ಸೆಟೆದ ಎಡಗೈಯ ಬೆರಳುಗಳನ್ನು ಬಿಡಿಸಿ ಲಿಂಗವನ್ನು ಇಡುವುದು ಕಷ್ಟವಾಯಿತು.

ಹುಕ್ಕೇರಿಯ ಕಚೇರಿಯಲ್ಲಿ ನಾನು ಕಂಡಷ್ಟು ಹೇಳಿದೆ. ಕೊಡಲಿ ಯಾರ ಕೈಯಲ್ಲಿತ್ತು ಎಂದೂ, ಮುಷ್ಟಿ ಎತ್ತಿತ್ತು ಎಂದೂ, ಬಿದ್ದವನ ತಲೆಗೆ ಕಾಕಾ ಎಷ್ಟು ಹೊಡೆದ ಎಂದೂ. ಕೊಡಲಿ ಬೀಸಿದವನಿಗೆ ಗಲ್ಲಾಗಲಿಲ್ಲ, ಜೈಲಾಯಿತು. ಕಾಕಾನಿಗೂ ಆಯಿತು. ಜೈಲಿನಿಂದ ಬಂದ ಮೇಲೆ ಕಾಕಾ ಸಾಯುವ ತನಕ ನನ್ನೊಡನೆ ಮಾತಾಡಲಿಲ್ಲ.

ಅತ್ತೆಗೆ ನಾನೇ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಎಷ್ಟ ಕುಡದ್ರು?" ಎಂದು ಕೇಳಿದರು. ಸಾಕೆನಿಸುವಷ್ಟು ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಅಲ್ಲಿದ್ದ ಅವರ ದಾಯಾದಿಗಳು ಆ ಮಾತನ್ನು ಇಷ್ಟಪಡಲಿಲ್ಲ. "ಅದನ್ನ ಹೊರಗ ಆಡಬ್ಯಾಡ್ರಿ" ಎಂದರು. ಅತ್ತೆ ತೀರಿಕೊಂಡ ಮೇಲೆ ಗದ್ದುಗೆಯ ಕಟ್ಟೆ ಎತ್ತರವಾಯಿತು, ಕತೆಯೂ ಬೆಳೆಯಿತು. ನೀರು ಮುಟ್ಟದ ಶರಣನಾಗಿ ಅವರನ್ನು ಮಾಡಿದ್ದಾರೆ. ಮಗಳು ತನ್ನ ಲಿಂಗ ಬಿಚ್ಚಿದ್ದು ಆ ಕತೆಯಲ್ಲಿಲ್ಲ.

ಅಂದು ಗಾಡಿ ಹೂಡಿ ತಂದವರು, "ಶಿವಶಿವಾ" ಎಂದವರು ಈಗ ಯಾರೂ ಇಲ್ಲ. ಉಳಿದು ಕಂಡವರು ನನ್ನನ್ನು ಬಿಟ್ಟು ಮೂವರು. ನೀರೆರೆದ ನನ್ನ ಹೆಂಡತಿ; ಇದನ್ನು ಬರೆಯುವಾಗ ಒಳಗೆ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಾಳೆ. ಕುರುಬರ ಆ ಹೆಣ್ಣುಮಗಳು. ಅರಭಾವಿಯಲ್ಲಿ ಮಗನ ಮನೆಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ಮಾತು ಚೊಕ್ಕವಾಗಿದೆ. ಇನ್ನೊಬ್ಬ, ಕೊಡಲಿ ಬೀಸಿದವನು. ಜೈಲಿನಿಂದ ಬಂದು ಬಾಜೂ ಹೊಲವನ್ನೇ ಮಾಡಿಕೊಂಡಿದ್ದಾನೆ. ಯಾರಾದರೂ ಕೇಳಿದರೆ, ಅವರು ನೀರು ಕುಡಿದದ್ದನ್ನು ಅವನೂ ಹೇಳುತ್ತಾನೆ.